ಎಡೆ ಉಂಡವನು

ಸೆಪ್ಟೆಂಬರ್ 22, ಸೋಮವಾರ

ಪಕ್ಷದ ಹಬ್ಬದ ಮಾರನೇ ದಿನ ರಜೆ ಹಾಕಬೇಕೆಂದು ಪ್ರತಿ ವರ್ಷ ಅಂದುಕೊಳ್ಳುತ್ತೇನೆ, ಪ್ರತಿ ವರ್ಷ ಮರೆಯುತ್ತೇನೆ. ಬೆಳಿಗ್ಗೆ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಪ್ರಾಣಿಗಳ ಕ್ಲಿನಿಕ್ಕಿನ ಬಾಗಿಲು ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಆರೇಳು ನಾಯಿಗಳು, ಎಲ್ಲಕ್ಕೂ ಒಂದೇ ಕಾಯಿಲೆ. ಊರಿನವರೆಲ್ಲ ತೀರಿಕೊಂಡವರಿಗೆ ಮಟನ್ ಮಾಡಿ ಎಡೆ ಇಟ್ಟಿದ್ದಾರೆ, ಮೂಳೆಯನ್ನು ನಾಯಿಗೆ ಹಾಕಿದ್ದಾರೆ. ಆ ಮೂಳೆ ಹೊಟ್ಟೆಯೊಳಗೆ ಪುಡಿಯಾಗಿ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ನಾಯಿ ಬೆನ್ನು ಬಗ್ಗಿಸಿ ತಿಣುಕಿ ತಿಣುಕಿ ಅಳುತ್ತದೆ. ಆಮೇಲೆ ಇದ್ದಾಳಲ್ಲ ಮೈತ್ರಿ ಸಿಸ್ಟರ್, ಅಂದರೆ ನಾನು, ಗ್ಲೌಸ್ ಹಾಕಿಕೊಂಡು, ಉಗುರುಬೆಚ್ಚಗಿನ ನೀರಿನ ಎನಿಮಾ ಹಿಡಿದುಕೊಂಡು.

"ಮೂಳೆ ಕೊಟ್ರಾ?" ಎಂದು ಕೇಳಿದರೆ ಮೊದಲು ಎಲ್ಲರೂ "ಇಲ್ಲ ಮೇಡಂ" ಅನ್ನುತ್ತಾರೆ. ಎರಡನೇ ಸಲ ಕೇಳಿದರೆ ನೆಲ ನೋಡುತ್ತಾರೆ. ಮೂರನೇ ಸಲಕ್ಕೆ ಬರುವ ಉತ್ತರ ನನಗೆ ಬಾಯಿಪಾಠ: "ಒಂದೇ ಒಂದು ಮೇಡಂ, ಮೆತ್ತಗೆ ಬೆಂದಿತ್ತು." ಇವತ್ತು ಆಲ್ಕೊಳದ ಯಜಮಾನರೊಬ್ಬರು ಹಾಗೆಂದಾಗ ಅವರ ನಾಯಿಯಿಂದ ಹೊರಬಂದದ್ದನ್ನು ಟ್ರೇಯಲ್ಲಿಟ್ಟು ತೋರಿಸಿ, "ಈ ಒಂದರಲ್ಲಿ ಇಡೀ ಕುರಿನೇ ಇದೆಯಲ್ಲ ಸಾರ್" ಅಂದೆ. ಒಳಗಿನಿಂದ ಡಾಕ್ಟರ್ ಶಿವಪ್ರಸಾದ್ ಕೆಮ್ಮಿದರು. ಅದು ನಗು ಎಂದು ನನಗೆ ಗೊತ್ತು.

ನಿನ್ನೆ ಭದ್ರಾವತಿಯಲ್ಲಿ ನಮ್ಮ ಮನೆಯಲ್ಲೂ ಎಡೆ ಇಟ್ಟೆವು. ನನ್ನ ತಮ್ಮ ಪರಮೇಶನಿಗೆ ಇದು ಮೊದಲನೆಯದು. ಅವನ ವರ್ಷದ ತಿಥಿ ಮುಗಿದದ್ದು ಹೋದ ತಿಂಗಳು. ಗೋಡೆಯಲ್ಲಿ ಮೊದಲಿನಿಂದ ಇದ್ದ ಅಪ್ಪನ ಫೋಟೋದ ಪಕ್ಕ ಈಗ ಅವನ ಫೋಟೋ. ಅಮ್ಮ ಬಾಳೆಲೆಯ ತುಂಬ ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿದಳು. ಸತ್ತವರು ಸಂಕೋಚವಿಲ್ಲದೆ ಉಣ್ಣಲೆಂದು ಕೋಣೆಯ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ಹಾಗೇ ಕುಳಿತೆವು. ಪರಮೇಶನ ನಾಯಿ ಬೋಂಡ ಎಲ್ಲಿದ್ದಾನೆಂದು ಇಬ್ಬರೂ ನೋಡಿರಲಿಲ್ಲ.

ಬಾಗಿಲು ತೆಗೆದರೆ ಎಲೆ ತೊಳೆದಿಟ್ಟ ಹಾಗಿತ್ತು. ಮಂಚದ ಕೆಳಗಿನಿಂದ ಬೋಂಡನ ಮೂತಿ ಕಂಡಿತು, ಮೂಗಿನ ಮೇಲೆ ಅನ್ನದ ಅಗುಳು. ಬೈಯಲು ಬಾಯಿ ತೆಗೆದೆ. ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಸುಮ್ನಿರೇ. ಬಂದಿದ್ದ. ಉಂಡ."

ಆಮೇಲೆ ಅಡುಗೆಮನೆಗೆ ಹೋಗಿ ತಾನೇ ತಟ್ಟೆಗೆ ಬಡಿಸಿಕೊಂಡು ಹೊಟ್ಟೆ ತುಂಬ ಉಂಡಳು. ವರ್ಷದಿಂದ ಕೋಳಿ ಕೆದಕಿದ ಹಾಗೆ ಅನ್ನ ಕೆದಕಿ ಏಳುತ್ತಿದ್ದವಳು. ಹುಚ್ಚು ಎನ್ನಲೋ, ಖುಷಿ ಪಡಲೋ ತಿಳಿಯಲಿಲ್ಲ. ನಾಯಿ ನಾಯಿಯೇ. ಮನೆಗೆ ಹೋದ ತಕ್ಷಣ ಬೋಂಡನ ಹೊಟ್ಟೆ ಮುಟ್ಟಿ ನೋಡಬೇಕು.

ಸೆಪ್ಟೆಂಬರ್ 25, ಗುರುವಾರ

ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮಾಚೇನಹಳ್ಳಿ ದಾಟುವವರೆಗೆ ಅಕ್ಷರ ಕುಣಿಯುತ್ತದೆ.

ಅಮ್ಮ ದಿನಾ ಮಟನ್ ತರಿಸುತ್ತಿದ್ದಾಳೆ. ಸೋಮವಾರವೂ ಬಿಡಲಿಲ್ಲ. ತಟ್ಟೆಯಲ್ಲಿ ಬಡಿಸಿ, ಎದುರಿಗೆ ಕುಳಿತು, "ತಿನ್ನು ಮಗ, ನಲ್ಲಿ ಮೂಳೆ ನಿಂಗೇ ಇಟ್ಟಿದೀನಿ" ಅನ್ನುತ್ತಾಳೆ. ಬೋಂಡ ಬೇಡ ಎನ್ನುವ ಜಾತಿಯವನೇ? ಮರಿಯಿದ್ದಾಗ ಹೋಟೆಲಿನ ಬಾಣಲೆಯ ಪಕ್ಕದಿಂದ ಬೋಂಡ ಕದ್ದು ಬಾಯಿ ಸುಟ್ಟುಕೊಂಡವನು. ಹೆಸರು ಬಂದದ್ದೇ ಹಾಗೆ.

ಅಪಘಾತದ ದಿನ ಪರಮೇಶನ ಸ್ಕೂಟರಿನಲ್ಲಿ ಅವನ ಕಾಲ ಬಳಿ ಬೋಂಡನೂ ಕುಳಿತಿದ್ದ. ಲಾರಿ ಪರಮೇಶನನ್ನು ಉಳಿಸಲಿಲ್ಲ. ಬೋಂಡನ ಸೊಂಟ ಮುರಿಯಿತು. ನಾನೇ ಕ್ಲಿನಿಕ್ಕಿನಲ್ಲಿಟ್ಟುಕೊಂಡು ಆರೈಕೆ ಮಾಡಿದೆ. ಮೂಳೆ ಕೂಡಿತು, ಆದರೆ ಸೊಟ್ಟಗೆ ಕೂಡಿತು. ಮಲ ಹಾದುಹೋಗುವ ದಾರಿ ಒಳಗೆ ಕಿರಿದಾಗಿಬಿಟ್ಟಿದೆ. ಬೇರೆ ನಾಯಿಗೆ ಮೂಳೆ ಎಂದರೆ ಒಂದು ದಿನದ ಫಜೀತಿ, ಬೋಂಡನಿಗೆ ಪ್ರಾಣಕ್ಕೆ ಕುತ್ತು. ಅಮ್ಮನಿಗೂ ಇದು ಗೊತ್ತು. ಪಕ್ಷದವರೆಗೆ ಅವನಿಗೆ ಮೊಸರನ್ನ ಬಿಟ್ಟು ಬೇರೆ ಹಾಕುತ್ತಿರಲಿಲ್ಲ.

"ನಿನ್ನ ಮಗನಿಗೆ ಮೂಳೆ ಇಷ್ಟ ಇರ್ಬೋದಮ್ಮ. ಈ ನಾಯಿಗೆ ಆಗಲ್ಲ" ಅಂದೆ.

"ನಾಯಿ ಅನ್ಬೇಡ" ಅಂದಳು. ಅಷ್ಟೇ.

ಮುಂಚೆ ಅಮ್ಮ ನನಗೂ ದಿನಾ ಡಬ್ಬಿ ಕಟ್ಟುತ್ತಿದ್ದಳು. ಕರಿಬೇವನ್ನು ಆರಿಸಿ ಮುಚ್ಚಳಕ್ಕೆ ಎತ್ತಿಡುವುದು ನನ್ನ ಚಿಕ್ಕಂದಿನ ಅಭ್ಯಾಸ. ಸಂಜೆ ಡಬ್ಬಿ ತೊಳೆಯುವಾಗ "ಎರಡು ಎಲೆ ಅಗಿಯೋಕೂ ಸೋಮಾರಿತನವೇನೇ ಮಾರಾಯ್ತಿ" ಎಂದು ಬೈಯುವುದು ಅವಳ ಅಭ್ಯಾಸ. ವರ್ಷದಿಂದ ಡಬ್ಬಿಯೂ ಇಲ್ಲ, ಬೈಗುಳವೂ ಇಲ್ಲ. ಬಸ್‌ಸ್ಟ್ಯಾಂಡಿನ ಬನ್ನು, ಟೀ ಇದೆ. ನಡೆಯುತ್ತದೆ.

ಸೆಪ್ಟೆಂಬರ್ 27, ಶನಿವಾರ

ಹೆದರಿದ ಹಾಗೇ ಆಯಿತು. ಗುರುವಾರದಿಂದ ಬೋಂಡನಿಗೆ ಮಲವಿಸರ್ಜನೆ ಆಗಿಲ್ಲ. ಬೆಳಿಗ್ಗೆ ವಾಂತಿ ಮಾಡಿಕೊಂಡ. ಪಕ್ಕದ ಮನೆಯ ಜಯಕುಮಾರಣ್ಣನ ಆಟೋದಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಓಡಿದೆ. ಮತ್ತಿನ ಇಂಜೆಕ್ಷನ್ ಹಾಕಿ, ಎನಿಮಾ ಕೊಟ್ಟು, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ತೆಗೆಯುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಕೊನೆಗೆ ರಕ್ತವೂ ಬಂತು.

ಡಾಕ್ಟರು ಕೈ ತೊಳೆಯುತ್ತ ಹೇಳಿದರು: "ಮೈತ್ರಿ, ಕರುಳು ಹಿಗ್ಗಿ ಹಿಗ್ಗಿ ಸೋತುಬಿಟ್ಟಿದೆ. ಕಿಡ್ನಿನೂ ಚೆನ್ನಾಗಿಲ್ಲ, ಆಪರೇಷನ್ ತಡ್ಕೊಳ್ಳೋ ವಯಸ್ಸಲ್ಲ. ಮೆತ್ತಗಿನ ಊಟ, ದಿನಾ ಸಿರಪ್, ಹೀಗೇ ನಡೆಸ್ಬೋದು. ಇನ್ನೊಂದ್ಸಲ ಮೂಳೆ ಕಟ್ಟಿಕೊಂಡ್ರೆ ನನ್ನ ಕೈಲಿ ಉಳಿಸೋಕಾಗಲ್ಲ."

ಮನೆಗೆ ಬಂದು ಅಮ್ಮನ ಮೇಲೆ ಕೂಗಾಡಿದೆ. "ನೀನೇ ಇವನನ್ನ ಸಾಯಿಸ್ತಿದೀಯ" ಅಂದುಬಿಟ್ಟೆ.

ಅಮ್ಮ ನನ್ನನ್ನೇ ನೋಡಿದಳು. "ಅವತ್ತೂ ನಾನೇ ಅಲ್ವಾ" ಅಂದಳು.

ಅವತ್ತು ಪರಮೇಶ ಫೌಂಡ್ರಿಯ ಕೆಲಸ ಬಿಟ್ಟು ಬಂದಿದ್ದ. ಅಮ್ಮ ಮಟನ್ ಸಾರು ಬಡಿಸುತ್ತ ಬಡಿಸುತ್ತಲೇ ಬೈದಳು. ಅವನು ಒಂದು ತುತ್ತೂ ಎತ್ತಲಿಲ್ಲ. ತಟ್ಟೆ ಸರಿಸಿ ಎದ್ದು, ಬೋಂಡನನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹೊರಟ. ಆಸ್ಪತ್ರೆಯಿಂದ ನಾವು ವಾಪಸ್ಸು ಬಂದಾಗ ಆ ತಟ್ಟೆ ಅಲ್ಲೇ ಇತ್ತು.

"ಉಣ್ಣದೆ ಹೋದ ಕಣೇ. ಈಗ ಬಂದು ಉಣ್ತಿದಾನೆ. ಹೆಂಗೆ ಬೇಡ ಅನ್ಲಿ?" ಅಂದಳು.



ಸೆಪ್ಟೆಂಬರ್ 28, ಭಾನುವಾರ

ಅಮ್ಮ ಬೋಂಡನಿಗೆ ಹಾಕುವುದನ್ನು ನಿಲ್ಲಿಸಿದಳು. ತಾನು ಉಣ್ಣುವುದನ್ನೂ ನಿಲ್ಲಿಸಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ, ಹೋದ ವರ್ಷ ತಿಂಗಳುಗಟ್ಟಲೆ ಮಲಗಿದ್ದಳಲ್ಲ, ಹಾಗೇ. ಭಯವಾಗುತ್ತಿದೆ.

ಸೆಪ್ಟೆಂಬರ್ 30, ಮಂಗಳವಾರ

ಇವತ್ತೊಂದು ಸುಳ್ಳು ಹೇಳಿದೆ. ಅಮ್ಮನ ಬೆನ್ನ ಹಿಂದೆ ಕುಳಿತು, "ಅಮ್ಮ, ಪರಮೇಶ ಮಾತಾಡ್ದ" ಅಂದೆ.

ಅಮ್ಮ ಅಲುಗಾಡಲಿಲ್ಲ. "ಏನಂದ?"

"ಅಕ್ಕ, ಅಮ್ಮನಿಗೆ ಹೇಳು, ನಾನು ಹೊಟ್ಟೆ ತುಂಬಾ ಉಂಡೆ. ಇನ್ಮೇಲೆ ಮೂಳೆ ಬೇಡ, ತುಂಬಾ ನೋಯುತ್ತೆ. ಮೆತ್ತಗೆ ಏನಾದ್ರೂ ಮಾಡ್ಕೊಡು ಅನ್ನು ಅಂದ."

"ಕನಸಲ್ಲಿ ಬಂದ್ನಾ?"

"ಎದುರಿಗೇ. ಬೋಂಡನ ಕಿವಿ ಕೆರೀತಿದ್ದೆ, ಗೊತ್ತಾಯ್ತು."

ಅಮ್ಮ ಎದ್ದು ಕುಳಿತಳು, ಕೂದಲು ಗಂಟು ಹಾಕಿಕೊಂಡಳು. "ಮೊದಲೇ ಬಾಯಿ ಬಿಟ್ಟು ಹೇಳೋಕಾಗಲ್ವಾ ಅವನಿಗೆ. ಯಾವಾಗ್ಲೂ ಹಿಂಗೇ" ಎಂದು ಗೊಣಗುತ್ತ ಚೀಲ ಹಿಡಿದು ಸಂತೆಗೆ ಹೊರಟಳು. ಊರೆಲ್ಲ ನಾಳೆಯ ಆಯುಧಪೂಜೆಗೆ ಒಡೆಯಲು ಬೂದುಗುಂಬಳ ಕೊಳ್ಳುತ್ತಿದ್ದರೆ ನಮ್ಮಮ್ಮ ಬೋಂಡನಿಗೆ ಬೇಯಿಸಲು ಸಿಹಿಗುಂಬಳ ತಂದಳು.

ಡಾಕ್ಟರು ಹೇಳಿದ್ದನ್ನೇ ನಾನೂ ಹೇಳಿದ್ದು. ಬಾಯಿ ಮಾತ್ರ ಬೇರೆಯವರದು. ಇದರಲ್ಲಿ ತಪ್ಪೇನಿಲ್ಲ.

ಅಕ್ಟೋಬರ್ 9, ಗುರುವಾರ

ಬೆಳಿಗ್ಗೆ ಅಮ್ಮ ಬೀದಿಯಿಂದಲೇ ಕೂಗಿದಳು: "ಮೈತ್ರಿ, ಆಯ್ತು ಕಣೇ! ಸಲೀಸಾಗಿ ಆಯ್ತು!" ಆಟೋ ಒರೆಸುತ್ತಿದ್ದ ಜಯಕುಮಾರಣ್ಣ ಬಟ್ಟೆ ಕೈಯಲ್ಲೇ ಹಿಡಿದು ಓಡಿ ಬಂದು, "ಏನಕ್ಕಾ, ಮದುವೆ ಸೆಟ್ಲ್ ಆಯ್ತಾ?" ಅಂತ ಕೇಳಿದ. ಏನು ಆಯಿತೆಂದು ಅಮ್ಮ ತೋರಿಸಿದಳು. "ಅಯ್ಯೋ ಮುರುಗಾ" ಎಂದು ತಲೆ ಚಚ್ಚಿಕೊಂಡು ವಾಪಸ್ಸು ಹೋದ. ಅಮ್ಮ ನಕ್ಕಳು. ಶಬ್ದ ಮಾಡಿ ನಕ್ಕಳು.

ಕುಂಬಳಕಾಯಿ, ಹೀರೆಕಾಯಿ, ಗಂಜಿ, ಸಿರಪ್ಪು. ಊಟ ಆದ ಮೇಲೆ ನಿಧಾನಕ್ಕೆ ಒಂದು ಸುತ್ತು. ಅಮ್ಮ ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಾಳೆ. ಅವನ ಜೊತೆ ಅವಳೂ ಉಣ್ಣುತ್ತಾಳೆ.

ಸಂಜೆ ಬಸ್ಸಿಳಿದು ಬಂದ ಮೇಲೆ ಕ್ಲಿನಿಕ್ಕಿನಲ್ಲಿ ನಡೆದದ್ದನ್ನೆಲ್ಲ ಬೋಂಡನಿಗೆ ಹೇಳುತ್ತೇನೆ. ಅಮ್ಮ ನಂಬಲಿ ಎಂದು ಶುರು ಮಾಡಿದ್ದು. ಈಗ ಅಮ್ಮ ಮನೆಯಲ್ಲಿಲ್ಲದಾಗಲೂ ಹೇಳುತ್ತೇನೆ, ರೂಢಿಯಾಗಿದೆ. ಇವತ್ತು ಹೊಳಲೂರಿನ ಸಾವಿತ್ರಮ್ಮ ಎಂಬುವರು ಬೆಕ್ಕಿಗೆ ಹೊಟ್ಟೆ ಕಟ್ಟಿದೆಯೆಂದು ಹರಳೆಣ್ಣೆ ಕುಡಿಸಿ, ಅದು ಡಾಕ್ಟರ ಶರ್ಟಿನ ಮೇಲೇ ಫಲ ಕೊಟ್ಟ ಕಥೆ ಹೇಳಿದೆ. ಬೋಂಡ ನನ್ನ ಮುಖ ನೋಡದೆ ಬಾಗಿಲ ಕಡೆ ನೋಡುತ್ತ ಕೇಳಿದ. ಪರಮೇಶನೂ ಹಾಗೇ. ಮುಖ ನೋಡಿ ಮಾತು ಕೇಳಿದವನೇ ಅಲ್ಲ, ಆದರೆ ಒಂದನ್ನೂ ಮರೆಯುತ್ತಿರಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಅಮ್ಮ ಪಾತ್ರೆ ತೊಳೆಯುತ್ತ, ನನ್ನ ಕಡೆ ತಿರುಗದೆ ಕೇಳಿದಳು: "ನನ್ನ ಮೇಲೆ ಇನ್ನೂ ಕೋಪ ಇದೆಯಾ ಕೇಳು."

ನಾನು ಬೋಂಡನ ಪಕ್ಕ ಕುಳಿತು ಅವನ ತಲೆ ಸವರಿದೆ. "ಇಲ್ವಂತಮ್ಮ. ಅವತ್ತು ಸಂಜೆ ಬಂದು ಉಣ್ಣೋಣ ಅಂದ್ಕೊಂಡೇ ಹೋಗಿದ್ನಂತೆ."

ಅಮ್ಮ ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದಿನಲ್ಲಿ ಅಳುತ್ತಿದ್ದಳು. ಹೇಳಿದ್ದು ಒಳ್ಳೆಯದೇ ಆಯಿತು. ಅದೇನೂ ಪೂರ್ತಿ ಸುಳ್ಳಲ್ಲ, ಅವನ ಕೋಪ ಸಂಜೆಯವರೆಗೆ ನಿಂತದ್ದು ನನಗಂತೂ ನೆನಪಿಲ್ಲ.

ಅಮ್ಮ ಒಳಗೆ ಹೋದ ಮೇಲೆ ನಾನೂ ಒಂದು ಮಾತು ಕೇಳಿದೆ. "ಅಲ್ಲಿ ಅಪ್ಪ ಸಿಕ್ಕಿದ್ರೇನೋ?" ಅಂದೆ. ಅವನು ಬಾಲ ಅಲ್ಲಾಡಿಸಿದ. ಸಿಕ್ಕಿರಬೇಕು.

ಅಕ್ಟೋಬರ್ 23, ಗುರುವಾರ

ದೀಪಾವಳಿ ಮುಗಿದು ಇವತ್ತು ಕರಿ, ಬಾಡೂಟದ ದಿನ. ನನಗೆ ರಜೆ. ಎಲ್ಲರ ಮನೆಯಲ್ಲೂ ಮಸಾಲೆಯ ವಾಸನೆ, ನಮ್ಮ ಮನೆಯಲ್ಲೂ. ಬೀದಿಯಲ್ಲಿ ಹುಡುಗರು ಉಳಿದ ಪಟಾಕಿಯನ್ನೆಲ್ಲ ಇವತ್ತೇ ಮುಗಿಸುವ ಹಟ ತೊಟ್ಟಿದ್ದರು.

ಪರಮೇಶ ಮಂಚದ ಕೆಳಗೆ ಸೇರಿಕೊಂಡುಬಿಟ್ಟಿದ್ದ. ಗಡಗಡ ನಡುಗುತ್ತಿದ್ದ. ಕುಂಬಳಕಾಯಿ ಅನ್ನ ಇಟ್ಟರೆ ಮೂಸಿಯೂ ನೋಡಲಿಲ್ಲ. ನಿನ್ನೆಯೂ ಸರಿಯಾಗಿ ಉಂಡಿರಲಿಲ್ಲ. ಅಮ್ಮ ಹಿತ್ತಿಲಲ್ಲಿದ್ದಳು. ನೆಲದ ಮೇಲೆ ಮಲಗಿ ಮಂಚದ ಕೆಳಗೆ ಕೈ ಹಾಕಿ, "ಬಾರೋ, ನಾನಿದೀನಲ್ಲ" ಅಂದೆ. ಬರಲಿಲ್ಲ. ನನ್ನ ತಟ್ಟೆಯನ್ನು ಅಲ್ಲಿಗೇ ತಂದು ಕುಳಿತೆ. ಆಗ ತಲೆ ಎತ್ತಿ ನನ್ನ ಮುಖ ನೋಡಿದ. ಎಷ್ಟು ದಿನ ಕುಂಬಳಕಾಯಿ ತಿನ್ನುತ್ತಾನೆ ಪಾಪ. ಹಬ್ಬದ ದಿನ ಮನೆಯವರೆಲ್ಲ ಉಣ್ಣುವಾಗ ಅವನೊಬ್ಬ ಉಪವಾಸ ಇರಬೇಕೇ?

ಒಂದೇ ಒಂದು ಕೊಟ್ಟೆ. ಮೆತ್ತಗೆ ಬೆಂದಿತ್ತು.

ತಿಂದ ಮೇಲೆ ನಡುಕ ನಿಂತಿತು. ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ. ಹೊರಗೆ ಪಟಾಕಿ ಸಿಡಿಯುತ್ತಲೇ ಇತ್ತು.

ಅಕ್ಟೋಬರ್ 26, ಭಾನುವಾರ

ಆಗಿಲ್ಲ. ಸಿರಪ್ ಹೆಚ್ಚು ಕೊಟ್ಟೆ, ಮನೆಯಲ್ಲೇ ಎನಿಮಾ ಕೊಟ್ಟೆ. ಬರೀ ನೀರು ಬಂತು.

ಅಕ್ಟೋಬರ್ 27, ಸೋಮವಾರ

ವಾಂತಿ ನಿಲ್ಲುತ್ತಿಲ್ಲ. ಬೆಳಿಗ್ಗೆಯೇ ಜಯಕುಮಾರಣ್ಣನ ಆಟೋ. ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಕೊಟ್ರಾ?" ಅಂದರು.

"ಇಲ್ಲ ಸಾರ್" ಅಂದೆ.

"ಮೈತ್ರಿ, ಮೂಳೆ ಕೊಟ್ರಾ?"

ನೆಲ ನೋಡಿದೆ. ಮೂರನೇ ಸಲ ಅವರು ಕೇಳಲಿಲ್ಲ. ಗ್ಲೌಸ್ ಹಾಕಿಕೊಂಡರು.

ಆದಷ್ಟು ತೆಗೆದೆವು. ಒಳಗೆ ಇನ್ನೂ ಇದೆ, ಎಳೆದರೆ ಕರುಳು ಹರಿಯುತ್ತದೆ ಅಂದರು. ಡ್ರಿಪ್ ಹಾಕಿ ಅಲ್ಲೇ ಬಿಟ್ಟು ಬಂದಿದ್ದೇನೆ. ಬೆಳಿಗ್ಗೆ ತಡೆದುಕೊಳ್ಳುವ ಶಕ್ತಿ ಬಂದರೆ ಮತ್ತೊಮ್ಮೆ ಪ್ರಯತ್ನ. ಅಮ್ಮನಿಗೆ "ಡ್ರಿಪ್ ಹಾಕಿದಾರೆ, ಹುಷಾರಾಗ್ತಾನೆ" ಎಂದು ಮಾತ್ರ ಹೇಳಿದೆ.

ಅಕ್ಟೋಬರ್ 28, ಮಂಗಳವಾರ

ನಾನು ಏಳುವಷ್ಟರಲ್ಲಿ ಅಮ್ಮ ಅಡುಗೆ ಮುಗಿಸಿದ್ದಳು. ಮುದ್ದೆಯಾಗಿ ಬೇಯಿಸಿದ ಅನ್ನ, ಮೂಳೆ ಒಂದೂ ಇಲ್ಲದ ಮಟನ್ ಸಾರು. ವರ್ಷದ ಮೇಲೆ ನನ್ನ ಹಳೇ ಡಬ್ಬಿ ಅಟ್ಟದಿಂದ ಕೆಳಗೆ ಬಂದಿತ್ತು.

"ಕೈಯಾರೆ ತಿನ್ಸು. ಎರಡು ತುತ್ತಾದ್ರೂ ಸರಿ. ಉಣ್ಣದೆ ಮಾತ್ರ ಹೋಗ್ಬಾರ್ದು ಅವನು" ಅಂದಳು. ಅಮ್ಮನಿಗೆ ಎಲ್ಲ ಗೊತ್ತಾಗಿತ್ತು. ನಾನೇ ಬಸ್ಸಿನಲ್ಲಿ ಇನ್ನೂ ಹುಷಾರಾಗುತ್ತಾನೆ ಅಂದುಕೊಂಡು ಹೋದದ್ದು.

ಬೋಂಡ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ. ಬಾಲ ಒಂದು ಸಲ ನೆಲಕ್ಕೆ ತಟ್ಟಿದ. ಅನ್ನ ಕಲಸಿ ಬೆರಳ ತುದಿಯಲ್ಲಿ ಬಾಯ ಹತ್ತಿರ ಹಿಡಿದೆ. ಮುಖ ತಿರುಗಿಸಿದ. "ತಿನ್ನೋ, ಅಮ್ಮ ಕಳಿಸಿದಾಳೆ" ಅಂದೆ. ತುಟಿಗೆ ಸಾರು ಸವರಿದೆ. ನೆಕ್ಕಲಿಲ್ಲ. ಮಧ್ಯಾಹ್ನದವರೆಗೆ ಬಿಸಿ ಮಾಡಿ ಮಾಡಿ ಹಿಡಿದೆ. ಆಮೇಲೆ ಅವನ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಡ್ರಿಪ್ ಹನಿಯುತ್ತಿದ್ದ ಹಾಗೇ ಕೈ ಕೆಳಗಿನ ಉಸಿರು ನಿಂತಿತು.

ಡಾಕ್ಟರು ನನ್ನ ತಲೆಯ ಮೇಲೆ ಕೈಯಿಟ್ಟು ಹೊರಗೆ ಹೋದರು. ನಾನು ಡ್ರಿಪ್ ಬಿಚ್ಚಿದೆ, ಮೈ ಒರೆಸಿದೆ, ಬಟ್ಟೆ ಹೊದೆಸಿದೆ. ಬೇರೆ ನಾಯಿಗಳಿಗೆ ಮಾಡುವುದನ್ನೇ ಮಾಡಿದೆ. ಡಬ್ಬಿ ಮೇಜಿನ ಮೇಲಿತ್ತು. ತುಂಬಿದ ಡಬ್ಬಿಯನ್ನು ಹೇಗೆ ಮನೆಗೆ ತೆಗೆದುಕೊಂಡು ಹೋಗಲಿ? ಮತ್ತೆ ಉಣ್ಣದೆ ಹೋದ ಎಂದು ಯಾವ ಬಾಯಲ್ಲಿ ಹೇಳಲಿ? ಚೆಲ್ಲಲು ಕೈ ಬರಲಿಲ್ಲ. ಹಿಂದಿನ ಕೋಣೆಗೆ ಹೋಗಿ, ಸೋಪು ಹಾಕಿ ಕೈ ತೊಳೆದು, ಬಾಗಿಲು ಮುಂದೆ ಮಾಡಿ ಕುಳಿತು ಪೂರ್ತಿ ಉಂಡೆ. ಅಳುತ್ತಲೇ ಉಂಡೆ. ನನಗೆ ಅಷ್ಟು ಹಸಿವಿತ್ತೆಂದು ಗೊತ್ತೇ ಇರಲಿಲ್ಲ.

ಸಂಜೆ ಅವನನ್ನು ಆಟೋದಲ್ಲಿ ಮನೆಗೆ ತಂದೆ. ಅಮ್ಮ ಬಟ್ಟೆ ಸರಿಸಿ ಮುಖ ನೋಡಿದಳು, ಕಣ್ಣು ಒರೆಸಿದಳು. ಮೊದಲು ಕೇಳಿದ್ದು, "ಉಂಡ್ನಾ?"

"ಉಂಡ. ಪೂರ್ತಿ ಉಂಡ" ಅಂದೆ.

ಅಮ್ಮ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. "ಸರಿ ಬಿಡು" ಎಂದು ತೊಳೆಯಲು ಒಯ್ದಳು. ಜಯಕುಮಾರಣ್ಣನೇ ನೀರಿನ ಚಾನೆಲ್ ದಂಡೆಯಲ್ಲಿ ಗುಂಡಿ ತೋಡಿದ. ಅಮ್ಮ ಬೋಂಡನನ್ನು ಪರಮೇಶನ ಹಳೇ ಅಂಗಿಯಲ್ಲಿ ಸುತ್ತಿದಳು.

ಅಕ್ಟೋಬರ್ 30, ಗುರುವಾರ

ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. "ಅಮ್ಮ, ಕರಿ ದಿನ ಮೂಳೆ ಕೊಟ್ಟಿದ್ದು ನಾನು" ಅಂದೆ.

"ಗೊತ್ತು. ಹಿತ್ಲಿಂದ ಬರ್ತಾ ನೋಡ್ದೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅವನ್ನ ಹೆಸರಿಟ್ಟು ಕರೀತಿದ್ದೆ. ಪರಮೇಶ, ತಿನ್ನೋ ಅಂತ. ಅಕ್ಕನ ಕೈಯಿಂದ ಒಂದ್ಸಲ ತಿನ್ಲಿ ಅನ್ನಿಸ್ತು" ಅಂದಳು. "ಬಾಯಿ ಬರ್ಲಿಲ್ಲ ಕಣೇ."

ನಾನು ಹಾಗೆ ಕರೆದದ್ದು ನನಗೆ ನೆನಪಿಲ್ಲ. ಇಬ್ಬರೂ ಅತ್ತೆವು. ಎಲ್ಲ ಗೊತ್ತಿದ್ದವಳು ನಾನು, ಬುದ್ಧಿ ಹೇಳಿದವಳು ನಾನು, ಕೊಟ್ಟವಳೂ ನಾನೇ. ಅಮ್ಮ ಈಗ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ಈ ಸಲ ಎಬ್ಬಿಸಲು ನನ್ನ ಹತ್ತಿರ ಸುಳ್ಳೂ ಇಲ್ಲ.

ನವೆಂಬರ್ 5, ಬುಧವಾರ

ಬೆಳಿಗ್ಗೆ ಒಗ್ಗರಣೆಯ ಚಟಪಟ ಕೇಳಿ ಎಚ್ಚರವಾಯಿತು. ಯಾರೋ ನೆಂಟರು ಬಂದರೇನೋ ಅಂದುಕೊಂಡೆ. ಅಮ್ಮ ಒಲೆಯ ಮುಂದೆ ನಿಂತಿದ್ದಳು. ಹೊರಡುವಾಗ ಡಬ್ಬಿಯನ್ನು ನನ್ನ ಬ್ಯಾಗಿಗೆ ತುರುಕಿದಳು.

ಕ್ಲಿನಿಕ್ಕಿನಲ್ಲಿ ಇವತ್ತು ಒಬ್ಬ ಹೆಂಗಸು, "ಒಂದೇ ಒಂದು ಮೇಡಂ, ಮೆತ್ತಗೆ ಬೆಂದಿತ್ತು" ಅಂದಳು. ಟ್ರೇ ತೋರಿಸಲಿಲ್ಲ. "ಆಗುತ್ತೆ, ಕೂತ್ಕೊಳ್ಳಿ" ಎಂದು ನೀರು ಬೆಚ್ಚಗೆ ಮಾಡಿದೆ.

ಮಧ್ಯಾಹ್ನ ಡಬ್ಬಿ ತೆಗೆದೆ. ಚಿತ್ರಾನ್ನ. ಕಡಲೆಬೇಳೆ, ಒಣಮೆಣಸಿನಕಾಯಿ, ಕರಿಬೇವಿನ ಘಮ, ಎಲ್ಲ ಇತ್ತು. ಕರಿಬೇವಿನ ಎಲೆ ಮಾತ್ರ ಒಂದೂ ಇರಲಿಲ್ಲ. ಅಮ್ಮ ಬೆಳಿಗ್ಗೆ ಕುಳಿತು ಎಲ್ಲವನ್ನೂ ಆರಿಸಿ ತೆಗೆದಿದ್ದಾಳೆ. ಅವತ್ತು ಬೋಂಡನ ಡಬ್ಬಿಯ ಮುಚ್ಚಳದಲ್ಲಿ ನಾನು ಅಭ್ಯಾಸಬಲದಿಂದ ಎತ್ತಿಟ್ಟ ಕರಿಬೇವು ಆಗ ನೆನಪಾಯಿತು. ಯಾವ ನಾಯಿಯೂ ಕರಿಬೇವು ಆರಿಸಿಡುವುದಿಲ್ಲ. ಉಂಡವರು ಯಾರೆಂದು ಅಮ್ಮನಿಗೆ ಆ ಕ್ಷಣವೇ ಗೊತ್ತಾಗಿದೆ.

ಸಂಜೆ ಚಪ್ಪಲಿ ಬಿಡುವ ಮೊದಲೇ ಅಮ್ಮ ಒಳಗಿನಿಂದ ಕೇಳಿದಳು: "ಉಂಡ್ಯಾ?"

ಸುತ್ತ ನೋಡಿದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನನ್ನನ್ನೇ ಕೇಳಿದ್ದು.